ಸ್ಟ್ರಾಬೆರಿ ಒಣಗಿದ್ದು ಬಿಸಿಲಿಗಲ್ಲ, ಬೋರ್ ನೀರಿಗೆ

ವಿಜಯಪುರದ ಓದುಗರೊಬ್ಬರು ಕೇಳಿದ್ದಾರೆ:

"ಸರ್, ನಮಸ್ಕಾರ. ಹೋದ ಡಿಸೆಂಬರ್ ಕೊನೇ ವಾರ ಮಹಾಬಳೇಶ್ವರಕ್ಕೆ ಹೋಗಿದ್ವಿ. ಮಗಳು ಹಟ ಹಿಡಿದಳು ಅಂತ ಬರೋವಾಗ ಹನ್ನೆರಡು ಸ್ಟ್ರಾಬೆರಿ ಸಸಿ ತಂದೆ. ಮಾಳಿಗೆ ಮೇಲೆ ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ನಮ್ಮ ಹೊಲದ ಎರಿ ಮಣ್ಣು, ತಿಪ್ಪೆ ಗೊಬ್ಬರ ಅರ್ಧರ್ಧ ಹಾಕಿ ನೆಟ್ಟೆ. ನೀರು ಬೋರ್‌ದು. ಮೊದಲು ಚಲೋ ಇದ್ವು. ಹತ್ತು ಹನ್ನೆರಡು ಹಣ್ಣೂ ಬಿಟ್ವು, ಆದರೆ ಸಣ್ಣ, ಸೊಟ್ಟ. ಜನವರಿ ಮುಗಿಯೋದರೊಳಗೆ ಎಲೆ ಅಂಚು ಸುಟ್ಟ ಹಾಗೆ ಕಂದಾಯ್ತು. ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಪಕ್ಕದ ಮನೆಯವರು ಮೊಟ್ಟೆ ಸಿಪ್ಪೆ, ಒಲೆ ಬೂದಿ ಹಾಕು ಅಂದ್ರು, ಹಾಕಿದೆ. ವಿಡಿಯೋ ನೋಡಿ ಎಪ್ಸಂ ಉಪ್ಪೂ ಹಾಕಿದೆ. ಎರಡು ಗಿಡ ನಡುವೆ ಕಪ್ಪಾಗಿ ಕೊಳೆತವು. ಏಪ್ರಿಲ್ ಹೊತ್ತಿಗೆ ಒಂದೂ ಉಳಿಯಲಿಲ್ಲ. ನಮ್ಮೂರ ಬಿಸಿಲಿಗೆ ಇದು ಆಗೋದೇ ಇಲ್ಲ ಅಂತ ಎಲ್ಲರೂ ಹೇಳ್ತಾರೆ. ಹೌದಾ? ಈ ಸಲ ಹಸಿರು ನೆಟ್ ಕಟ್ಟಿಸಿ ಮತ್ತೆ ಪ್ರಯತ್ನ ಮಾಡ್ಲಾ, ಬಿಟ್ಟುಬಿಡ್ಲಾ? ಮಗಳು ಬೇರೆ ಆನ್‌ಲೈನ್‌ನಲ್ಲಿ ನೀಲಿ ಸ್ಟ್ರಾಬೆರಿ ಬೀಜ ನೋಡಿ ತರಿಸು ಅಂತಿದ್ದಾಳೆ."

ಅಕ್ಕಾರ, ನಮಸ್ಕಾರ. ಇಷ್ಟು ವಿವರವಾಗಿ ಬರೆದಿದ್ದಕ್ಕೆ ಮೊದಲು ಧನ್ಯವಾದ. ಎಲೆ ಯಾವಾಗ ಕಂದಾಯ್ತು, ಹಳೇ ಎಲೆನಾ ಹೊಸದಾ, ಏನೇನು ಹಾಕಿದಿರಿ ಅನ್ನೋದೆಲ್ಲ ಗೊತ್ತಾದ್ರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಅಂದ್ರೆ "ಜನವರಿ ಮುಗಿಯೋದರೊಳಗೆ" ಅನ್ನೋದು. ಜನವರಿಯಲ್ಲಿ ವಿಜಯಪುರದಲ್ಲಿ ಎಲ್ಲಿಯ ಬಿಸಿಲು? ರಾತ್ರಿ ಹೊದಿಕೆ ಬೇಕು, ಬೆಳಗ್ಗೆ ಮಾಳಿಗೆ ಮೇಲೆ ತಣ್ಣನೆ ಗಾಳಿ. ಸ್ಟ್ರಾಬೆರಿ ಖುಷಿಯಾಗಿರೋದು ಹಗಲು 20ರಿಂದ 25 ಡಿಗ್ರಿ, ರಾತ್ರಿ 10ರಿಂದ 15 ಡಿಗ್ರಿ ಇರೋವಾಗ. ನಮ್ಮ ಡಿಸೆಂಬರ್, ಜನವರಿ ಇದಕ್ಕೆ ಸಾಕಷ್ಟು ಹತ್ತಿರ ಬರುತ್ತದೆ, ಹಗಲು ಸ್ವಲ್ಪ ಮೇಲೆ ಹೋಗುತ್ತದೆ ಅಷ್ಟೇ. ಅಂದ್ರೆ ವರ್ಷದಲ್ಲೇ ಆ ಗಿಡಕ್ಕೆ ಅತಿ ಹಿತವಾದ ತಿಂಗಳಲ್ಲಿ ನಿಮ್ಮ ಗಿಡ ಸುಡೋಕೆ ಶುರುವಾಗಿದೆ. ಏಪ್ರಿಲ್‌ನಲ್ಲಿ ಸತ್ತಿದ್ದು ಬಿಸಿಲಿಗೆ ಇರಬಹುದು, ಆದರೆ ಕಾಯಿಲೆ ಬಿದ್ದಿದ್ದು ಬಿಸಿಲಿಗಲ್ಲ. ಅದು ನೀರಿನಿಂದ ಬಂದದ್ದು.

ನಂಬಿಕೆ ಬರದಿದ್ರೆ ಒಂದು ಕೆಲಸ ಮಾಡಿ. ಆ ಹಳೇ ಕುಂಡಗಳು ಇನ್ನೂ ಮಾಳಿಗೆ ಮೇಲೆ ಇರ್ತಾವಲ್ವಾ, ಅದರಲ್ಲೊಂದು ಎತ್ತಿಕೊಳ್ಳಿ. ಕುಂಡದ ಅಂಚಿನ ಒಳಗಡೆ, ಮಣ್ಣು ಮುಟ್ಟೋ ಜಾಗದಲ್ಲಿ, ಬೆಳ್ಳಗೆ ಪದರ ಕಟ್ಟಿರುತ್ತದೆ. ಉಗುರಿನಿಂದ ಕೆರೆದ್ರೆ ಪುಡಿ ಪುಡಿಯಾಗಿ ಬೀಳುತ್ತದೆ. ಅದರ ಮೇಲೆ ನಾಲ್ಕು ಹನಿ ಲಿಂಬೆ ರಸ ಹಿಂಡಿ. ಸಣ್ಣ ಸಣ್ಣ ಗುಳ್ಳೆ ಎದ್ದು ಚುರ್ ಅಂದ್ರೆ ಅದು ಸುಣ್ಣದಂಶ, ನಿಮ್ಮ ಬೋರ್ ನೀರು ಬಿಟ್ಟು ಹೋದದ್ದು. ಗುಳ್ಳೆ ಏಳದಿದ್ರೆ ಬೇರೆ ಉಪ್ಪುಗಳು. ಎರಡೂ ಈ ಗಿಡಕ್ಕೆ ಆಗೋದಿಲ್ಲ. ಕಾಯಿಸೋ ಪಾತ್ರೆ ತಳದಲ್ಲಿ, ಬಚ್ಚಲ ನಳದ ಬಾಯಲ್ಲಿ ಕಟ್ಟೋ ಬಿಳಿ ಪದರವೂ ಇದೇ. ಪಾತ್ರೆಯನ್ನಾದ್ರೆ ತಿಕ್ಕಿ ತೊಳೀತೀವಿ, ಬೇರಿನ ಸುತ್ತ ಕಟ್ಟಿದ್ದನ್ನ ತೊಳೆಯೋರು ಯಾರು?

ಉಪ್ಪು ತಡೆಯೋದರಲ್ಲಿ ಸ್ಟ್ರಾಬೆರಿಯಷ್ಟು ನಾಜೂಕಿನ ಬೆಳೆ ಕಡಿಮೆ. ನೀರಿನ ಉಪ್ಪನ್ನ ಇಸಿ ಅನ್ನೋ ಅಳತೆಯಲ್ಲಿ ಹೇಳ್ತಾರೆ, ನಿಮ್ಮ ಜಿಲ್ಲೆಯ ದ್ರಾಕ್ಷಿ ಬೆಳೆಗಾರರಿಗೆಲ್ಲ ಗೊತ್ತಿರೋ ಪದ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪಟ್ಟಿ ಪ್ರಕಾರ ಮಣ್ಣಿನ ಇಸಿ 1 ದಾಟಿದ್ರೆ ಸ್ಟ್ರಾಬೆರಿ ಇಳುವರಿ ಇಳಿಯೋಕೆ ಶುರು, ದ್ರಾಕ್ಷಿಗೆ ಅದೇ ಮಿತಿ 1.5. ಹಾಕೋ ನೀರಿನ ಲೆಕ್ಕದಲ್ಲಿ ಹೇಳಿದ್ರೆ ಇಸಿ 0.7ರ ಒಳಗಿರಬೇಕು, 1.7 ಆದ್ರೆ ಇಳುವರಿ ಅರ್ಧಕ್ಕೆ ಬೀಳುತ್ತದೆ. ದ್ರಾಕ್ಷಿಯವರಿಗಾದ್ರೂ ಒಂದು ದಾರಿ ಇದೆ, ಸವಳು ತಡೆಯೋ ಡಾಗ್‌ರಿಜ್ ಅನ್ನೋ ಬೇರೆ ಜಾತಿ ದ್ರಾಕ್ಷಿಯ ಬೇರಿನ ಮೇಲೆ ಕಸಿ ಕಟ್ತಾರೆ. ಸ್ಟ್ರಾಬೆರಿಗೆ ಆ ಅನುಕೂಲ ಇಲ್ಲ, ಅದರ ಬೇರು ಅದೇ ನಾಜೂಕು ಬೇರು. ಅದೂ ಮೇಲಿನ ಅರ್ಧ ಅಡಿ, ಮುಕ್ಕಾಲು ಅಡಿಯಲ್ಲೇ ಹರಡೋದು, ಉಪ್ಪು ಜಾಸ್ತಿ ಸೇರೋ ಜಾಗದಲ್ಲೇ.

ಹೊಲದಲ್ಲಾದ್ರೆ ಮಳೆ ಬಂದು ಉಪ್ಪು ಕೆಳಗೆ ಇಳಿಯುತ್ತದೆ. ಕುಂಡದಲ್ಲಿ ದಿನಾ ಒಂದು ಲೋಟ ಹಾಕ್ತೀವಿ, ಗಿಡ ನೀರು ಕುಡಿಯುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಒಂದು ತಿಂಗಳಿಗೆ ಕುಂಡದೊಳಗಿನ ನೀರು ಬೋರ್ ನೀರಿಗಿಂತ ಎಷ್ಟೋ ಪಟ್ಟು ಉಪ್ಪಾಗಿರುತ್ತದೆ. ಗಿಡ ಹೀರಿದ ಉಪ್ಪು ಎಲೆಯ ಅಂಚಿಗೆ ಹೋಗಿ ಸೇರುತ್ತದೆ, ಯಾಕಂದ್ರೆ ನೀರಿನ ಪ್ರಯಾಣ ಮುಗಿಯೋದು ಅಲ್ಲೇ. ಅದಕ್ಕೇ ಹಳೇ ಎಲೆಯ ಅಂಚು ಮೊದಲು ಸುಡುತ್ತದೆ. ಒಂದು ತಿಂಗಳು ಚಲೋ ಇದ್ದು ಆಮೇಲೆ ಕೆಟ್ಟಿದ್ದರ ಗುಟ್ಟು ಇದು.

ಹೊಸ ಎಲೆ ಹಳದಿಯಾಗಿ ನರ ಹಸಿರು ಉಳಿದದ್ದು ಬೇರೆ ಕಥೆ, ಮೂಲ ಮಾತ್ರ ಒಂದೇ. ಅದು ಕಬ್ಬಿಣದ ಕೊರತೆ. ನಿಮ್ಮ ಎರಿ ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ, ಆದರೆ ಅದರ ಪಿಎಚ್, ಅಂದ್ರೆ ಹುಳಿ-ಕ್ಷಾರದ ಅಳತೆ, ಸಾಮಾನ್ಯವಾಗಿ 8ರ ಮೇಲೆ (7ರ ಕೆಳಗೆ ಹುಳಿ, ಮೇಲೆ ಕ್ಷಾರ). ಸ್ಟ್ರಾಬೆರಿಗೆ ಬೇಕಾದದ್ದು 5.5ರಿಂದ 6.5. ಪಿಎಚ್ ಮೇಲೆ ಹೋದ್ರೆ ಮಣ್ಣಲ್ಲಿ ಕಬ್ಬಿಣ ಇದ್ರೂ ಬೇರಿಗೆ ಸಿಗೋದಿಲ್ಲ, ಊಟ ಕಪಾಟಲ್ಲಿಟ್ಟು ಬೀಗ ಹಾಕಿದ ಹಾಗೆ. ಅಷ್ಟು ಸಾಲದು ಅಂತ ಬೋರ್ ನೀರು ದಿನಾ ಇನ್ನಷ್ಟು ಸುಣ್ಣ ತಂದು ಹಾಕುತ್ತದೆ.

ಈಗ ಪಕ್ಕದ ಮನೆಯವರ ಸಲಹೆಗೆ ಬರ್ತೀನಿ. ಅವರು ಒಳ್ಳೆ ಮನಸ್ಸಿಂದಲೇ ಹೇಳಿದ್ದಾರೆ, ಬೇರೆ ಊರಲ್ಲಿ, ಹುಳಿ ಮಣ್ಣಿದ್ದಲ್ಲಿ, ಒಲೆ ಬೂದಿ ಒಳ್ಳೇದೇ. ನಮ್ಮಲ್ಲಿ ಬೂದಿ ಅಂದ್ರೆ ಏರಿದ ಪಿಎಚ್ ಮೇಲೆ ಇನ್ನೊಂದು ಹೊರೆ. ಮೊಟ್ಟೆ ಸಿಪ್ಪೆಯೂ ಸುಣ್ಣವೇ. ನಮ್ಮ ನೀರಲ್ಲಿ ಕ್ಯಾಲ್ಸಿಯಂ ಬೇಡ ಬೇಡ ಅಂದ್ರೂ ಬರ್ತಾ ಇರೋವಾಗ ಸಿಪ್ಪೆ ಯಾಕೆ? ಎಪ್ಸಂ ಉಪ್ಪು ಮೆಗ್ನೀಸಿಯಂ ಕೊಡುತ್ತದೆ, ಅದರ ಕೊರತೆ ಇದ್ರೆ ಹಳೇ ಎಲೆ ನರಗಳ ನಡುವೆ ಹಳದಿಯಾಗುತ್ತದೆ. ನಿಮ್ಮದು ಹೊಸ ಎಲೆ. ಹಾಗಾಗಿ ಅದರಿಂದ ಉಪಯೋಗ ಆಗಲಿಲ್ಲ, ಕುಂಡಕ್ಕೆ ಒಂದು ಚಮಚ ಉಪ್ಪು ಸೇರಿತು ಅಷ್ಟೇ. ಅದನ್ನು ಹಾಕಿದ್ರೆ ಹಣ್ಣು ಸಿಹಿಯಾಗುತ್ತದೆ ಅನ್ನೋ ಮಾತನ್ನೂ ನಂಬಬೇಡಿ. ಹಣ್ಣು ಸಿಹಿ ಆಗೋದು ಬಿಸಿಲಿಂದ, ತಣ್ಣನೆ ರಾತ್ರಿಯಿಂದ, ಗಿಡದ ಮೇಲೇ ಪೂರ್ತಿ ಕೆಂಪಾಗೋ ತನಕ ಬಿಡೋದರಿಂದ. ಕಿತ್ತಮೇಲೆ ಸ್ಟ್ರಾಬೆರಿ ಬಣ್ಣ ತಿರುಗಬಹುದು, ಸಿಹಿ ಮಾತ್ರ ಏರೋದಿಲ್ಲ.

ನಡುವೆ ಕಪ್ಪಾಗಿ ಕೊಳೆತ ಎರಡು ಗಿಡ ಆಳ ನೆಟ್ಟಿದ್ದಕ್ಕೆ ಹೋಗಿವೆ ಅಂತ ನನ್ನ ಅಂದಾಜು. ಸ್ಟ್ರಾಬೆರಿಗೆ ಕಾಂಡ ಅಂತ ಉದ್ದಕ್ಕೆ ಇರೋದಿಲ್ಲ. ಬೇರು ಮುಗಿದು ಎಲೆ ಶುರುವಾಗೋ ಕಡೆ ಹೆಬ್ಬೆರಳ ತುದಿಯಷ್ಟು ಗಂಟು ಇರುತ್ತದೆ, ಅದನ್ನ ಕ್ರೌನ್ ಅಂತಾರೆ. ಆ ಗಂಟು ಅರ್ಧ ಮಣ್ಣಲ್ಲಿ, ಅರ್ಧ ಮೇಲೆ ಕಾಣೋ ಹಾಗೆ ನೆಡಬೇಕು. ಪೂರ್ತಿ ಹೂತ್ರೆ ಕೊಳೆಯುತ್ತದೆ, ಪೂರ್ತಿ ಮೇಲಿದ್ರೆ ಒಣಗುತ್ತದೆ. ಮೊದಲ ನೀರು ಹಾಕಿದ ಮೇಲೆ ಮಣ್ಣು ಕುಸಿದು ಗಂಟಿನ ಮೇಲೆ ಬರ್ತದೆ, ಬೆರಳಿಂದ ಸರಿಸಿಬಿಡಿ. ಸತ್ತ ಗಿಡ ಸಿಕ್ಕಿದ್ರೆ ಗಂಟನ್ನ ಉದ್ದಕ್ಕೆ ಸೀಳಿ ನೋಡಿ. ಒಳಗೆ ಬೆಳ್ಳಗಿದ್ರೆ ಕ್ರೌನ್ ಆರೋಗ್ಯವಾಗಿತ್ತು, ಕೆಂಪು ಕಂದು ಇದ್ರೆ ಕೊಳೆ. ಎರಿ ಮಣ್ಣೂ ಇದಕ್ಕೆ ಕೈಜೋಡಿಸುತ್ತದೆ. ಒಣಗಿದಾಗ ಕುಂಡದ ಗೋಡೆ ಬಿಟ್ಟು ಒಳಗೆ ಸರಿಯುತ್ತದೆ, ಹಾಕಿದ ನೀರೆಲ್ಲ ಬದಿಯಿಂದ ಇಳಿದು ಹೋಗುತ್ತದೆ. ನೆನೆದಾಗ ಜಿಗುಟಾಗಿ ಉಸಿರು ಕಟ್ಟುತ್ತದೆ. ಹೊಲದಲ್ಲಿ ಜೋಳಕ್ಕೆ, ಕಡಲೆಗೆ ಅದರಂಥ ಮಣ್ಣಿಲ್ಲ. ಕುಂಡಕ್ಕೆ ಮಾತ್ರ ಬೇಡ.

ಹಣ್ಣು ಸೊಟ್ಟ ಆಗಿದ್ದು ಪರಾಗ ಸರಿಯಾಗಿ ಕೂಡದೆ. ಹಣ್ಣಿನ ಮೈಮೇಲೆ ಕಾಣೋ ಚುಕ್ಕಿಗಳಿವೆಯಲ್ಲ, ಒಂದೊಂದಕ್ಕೂ ಪರಾಗ ಮುಟ್ಟಬೇಕು. ಮುಟ್ಟದ ಕಡೆ ತಿರುಳು ಉಬ್ಬೋದಿಲ್ಲ, ಹಣ್ಣು ಆ ಕಡೆಗೆ ಸೊಟ್ಟಗಾಗುತ್ತದೆ. ಮಾಳಿಗೆ ಮೇಲೆ ಜೇನ್ನೊಣ ಕಡಿಮೆ ಇದ್ರೆ ಮೆತ್ತನೆ ಚಿತ್ರ ಬಿಡಿಸೋ ಬ್ರಷ್ ತಗೊಂಡು ಬೆಳಗ್ಗೆ ಹತ್ತು ಗಂಟೆ ಸುಮಾರಿಗೆ ಹೂವಿನ ನಡುವೆ ಸುತ್ತ ಆಡಿಸಿ, ಮೂರು ದಿನ. ಇದನ್ನ ಮಗಳಿಗೇ ಒಪ್ಪಿಸಿ, ಮಕ್ಕಳು ಈ ಕೆಲಸ ನಮಗಿಂತ ಚೆನ್ನಾಗಿ ಮಾಡ್ತಾರೆ.

ಹಾಗಾದ್ರೆ ಮುಂದೇನು?

ಮೊದಲು ಟಿಡಿಎಸ್ ಮೀಟರ್ ಹಿಡಿದು ನೀರು ನೋಡಿ. ನೀರಲ್ಲಿ ಕರಗಿದ ಉಪ್ಪು ಎಷ್ಟಿದೆ ಅಂತ ಅದು ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ) ಲೆಕ್ಕದಲ್ಲಿ ತೋರಿಸುತ್ತದೆ, ಇಸಿ ಹೇಳೋ ಉಪ್ಪೇ, ಅಳತೆ ಬೇರೆ. ಪೆನ್ನಿನ ಥರ ಇರುತ್ತದೆ, ದುಬಾರಿ ಏನಲ್ಲ, ಆರ್‌ಓ ರಿಪೇರಿಯವರ ಹತ್ತಿರವೂ ಇರುತ್ತದೆ. 300 ಪಿಪಿಎಂ ಒಳಗೆ ಬಂದ್ರೆ ನಿಶ್ಚಿಂತೆ. 300ರಿಂದ 450ರ ತನಕ ಸಂಭಾಳಿಸಬಹುದು. ಅದರ ಮೇಲೆ ಹೋದಷ್ಟೂ ಹಣ್ಣು ಕಡಿಮೆ, ಸಾವಿರದ ಹತ್ತಿರ ಬಂದ್ರೆ ಆ ನೀರನ್ನ ಈ ಗಿಡಕ್ಕೆ ಹಾಕಲೇಬೇಡಿ. ನಿಮ್ಮಲ್ಲಿ ನಳಕ್ಕೆ ಬರೋ ಕೃಷ್ಣಾ ನೀರು ಸಾಮಾನ್ಯವಾಗಿ ಬೋರ್‌ಗಿಂತ ಮೇಲು, ಅದನ್ನೂ ಅಳೆದು ನೋಡಿ. ಆರ್‌ಓ ಮಷಿನ್‌ನ ಕುಡಿಯೋ ನೀರು ನಡೆಯುತ್ತದೆ. ಅದರ ಪೈಪಿಂದ ಹೊರಗೆ ಬೀಳೋ ನೀರು ಖಂಡಿತ ಬೇಡ, ಚೆಲ್ಲೋಕೆ ಮನಸ್ಸಾಗದೆ ಎಷ್ಟೋ ಜನ ಅದನ್ನ ಗಿಡಕ್ಕೆ ಹಾಕ್ತಾರೆ, ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಮನೆಗೆ ಸಾಫ್ಟನರ್ ಹಾಕಿಸಿದ್ರೆ ಆ ನೀರೂ ಬೇಡ. ಅದು ಸುಣ್ಣ ತೆಗೆದು ಸೋಡಿಯಂ ಬಿಡುತ್ತದೆ, ಗಿಡಕ್ಕೆ ಅದು ಇನ್ನೂ ಕೆಟ್ಟದ್ದು.

ಎಲ್ಲಕ್ಕಿಂತ ಒಳ್ಳೇದು ಮಳೆ ನೀರು. ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಹತ್ತು ಗಿಡಕ್ಕೆ ಚಳಿಗಾಲದಲ್ಲಿ ದಿನಕ್ಕೆ ಸುಮಾರು ಎರಡೂವರೆ ಲೀಟರ್ ಸಾಕು. ಅಕ್ಟೋಬರ್‌ನಿಂದ ಮಾರ್ಚ್ ಅಂದ್ರೆ 180 ದಿನ, 450 ಲೀಟರ್. ಬಿಸಿಲು ಏರಿದಾಗ ಸ್ವಲ್ಪ ಜಾಸ್ತಿ ಬೇಕು, 600 ಅಂತ ಹಿಡಿಯಿರಿ. 200 ಲೀಟರಿನ ಮೂರು ಡ್ರಮ್ ಆಯ್ತು. ಹತ್ತು ಅಡಿಗೆ ಹತ್ತು ಅಡಿ ಮಾಳಿಗೆ ಮೇಲೆ 50 ಮಿಲಿಮೀಟರ್ ಮಳೆ ಬಿದ್ರೆ 450 ಲೀಟರಿಗಿಂತ ಜಾಸ್ತಿ ನೀರು ಸಿಗುತ್ತದೆ. ಸೆಪ್ಟೆಂಬರ್ ನಮ್ಮ ಕಡೆ ಮಳೆಯ ತಿಂಗಳು. ಎರಡು ಮೂರು ಒಳ್ಳೆ ಮಳೆ ಹಿಡಿದಿಟ್ಟುಕೊಂಡ್ರೆ ನಿಮ್ಮ ಇಡೀ ಹಂಗಾಮಿನ ನೀರು ಮುಗೀತು. ಮೊದಲ ಹತ್ತು ನಿಮಿಷದ ನೀರು ಬಿಟ್ಟುಬಿಡಿ. ಡ್ರಮ್ ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟಿ, ಇಲ್ಲಾಂದ್ರೆ ಡೆಂಗ್ಯೂ ಸೊಳ್ಳೆಗೆ ಮನೆ ಕಟ್ಟಿಕೊಟ್ಟ ಹಾಗಾಗುತ್ತದೆ. ಮಳೆ ನೀರು ಕಡಿಮೆ ಬಿದ್ರೆ ಅರ್ಧ ಬೋರ್ ನೀರು ಬೆರೆಸಿ, 600 ಪಿಪಿಎಂ ಇದ್ದದ್ದು 300ರ ಸುಮಾರಿಗೆ ಇಳಿಯುತ್ತದೆ.

ಬೋರ್ ನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿದ್ರೆ ಆಗಲ್ವಾ ಅಂತ ಕೇಳ್ತಾರೆ. ಚಿಟಿಕೆ ಚಿಟಿಕೆ ಹಾಕಿ ಪಿಎಚ್ ಕಾಗದದಲ್ಲಿ 6ರಿಂದ 6.5 ನೋಡ್ಕೊಂಡ್ರೆ ಸುಣ್ಣದ ತೊಂದರೆ ಹತೋಟಿಗೆ ಬರುತ್ತದೆ. ಉಪ್ಪು ಮಾತ್ರ ಹೋಗೋದಿಲ್ಲ, ಅದು ಅಷ್ಟೇ ಇರುತ್ತದೆ. ಆದ್ದರಿಂದ ಟಿಡಿಎಸ್ ಕಡಿಮೆ ಇದ್ದು ಪಿಎಚ್ ಮಾತ್ರ ಜಾಸ್ತಿ ಇದ್ದಲ್ಲಿ ಇದು ಉಪಾಯ, ಉಳಿದವರಿಗೆ ಅಲ್ಲ.

ಕುಂಡಕ್ಕೆ ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಅರ್ಧ, ಎರೆಹುಳು ಗೊಬ್ಬರ ಕಾಲು ಭಾಗ, ಮಸಾರಿ (ಕೆಂಪು) ಮಣ್ಣು ಮತ್ತು ದಪ್ಪ ಮರಳು ಸೇರಿ ಕಾಲು ಭಾಗ. ಕೋಕೋಪೀಟ್ ತೊಳೆಯೋದನ್ನ ಬಿಡಬೇಡಿ. ಅದರಲ್ಲೂ ಉಪ್ಪು ಇರುತ್ತದೆ, ನಾನು ಮೊದಲ ಸಲ ತೊಳೆಯದೆ ಹಾಕಿ ನಲವತ್ತು ಸಸಿಯ ಒಂದು ಸಾಲನ್ನೇ ಕಳೆದುಕೊಂಡೆ, ಆ ಬೇಜಾರು ಇನ್ನೂ ಇದೆ. ಬಕೆಟ್‌ನಲ್ಲಿ ನೆನೆಸಿ, ಹಿಂಡಿ, ನೀರು ಬದಲಿಸಿ, ಮೂರು ಸಲ. ಅದೂ ಒಳ್ಳೆ ನೀರಲ್ಲಿ. 8 ಇಂಚಿನ ಕುಂಡಕ್ಕೆ ಒಂದು ಗಿಡ, 12 ಇಂಚಿಂದಕ್ಕೆ ಮೂರು. ಕಪ್ಪು ಕುಂಡಕ್ಕೆ ಗೋಣಿ ತಟ್ಟು ಸುತ್ತಿ, ಇಲ್ಲವೇ ಬಿಳಿ ಗ್ರೋಬ್ಯಾಗ್ ತನ್ನಿ, ಬೇರು ಬಿಸಿಯಾಗೋದು ತಪ್ಪುತ್ತದೆ. ಕೆಳಗೆ ತಟ್ಟೆ ಇಟ್ರೆ ಅದರಲ್ಲಿ ನಿಂತ ನೀರು ಚೆಲ್ಲಿ, ಇಲ್ಲಾಂದ್ರೆ ಇಳಿದ ಉಪ್ಪೇ ಮತ್ತೆ ಮೇಲೆ ಏರುತ್ತದೆ. ನೀರು ಹಾಕೋವಾಗ ತಳದ ತೂತಿಂದ ಸ್ವಲ್ಪ ಹೊರಗೆ ಹರಿಯೋ ತನಕ ಹಾಕಿ, ಐದು ಲೋಟ ಹಾಕಿದ್ರೆ ಒಂದು ಲೋಟ ಹೊರಬರಲಿ. ಆ ಒಂದು ಲೋಟ ಉಪ್ಪನ್ನ ಹೊತ್ಕೊಂಡು ಹೋಗುತ್ತದೆ, ಪೋಲಾಯ್ತು ಅನ್ಕೋಬೇಡಿ.

ಎಲೆಗಳ ಕೆಳಗೆ ಒಣಗಿದ ಕಬ್ಬಿನ ರವದಿ ಹಾಸಿ. ಹಣ್ಣು ಮಣ್ಣು ಮುಟ್ಟಬಾರದು, ಮುಟ್ಟಿದ್ರೆ ಬೂದು ಬೂಷ್ಟು ಹಿಡಿಯುತ್ತದೆ. ಗೊಬ್ಬರ ಅಂದ್ರೆ ನೀರಲ್ಲಿ ಕರಗೋ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮ ಇರೋದು), ಲೀಟರಿಗೆ 1 ಗ್ರಾಂ, ವಾರಕ್ಕೊಮ್ಮೆ. ಚಮಚಗಟ್ಟಲೆ ಯೂರಿಯಾ ಬೇಡ. ಕಬ್ಬಿಣಕ್ಕೆ ಅಂಗಡಿಯಲ್ಲಿ ಇಡಿಡಿಎಚ್‌ಎ ಚಿಲೇಟ್ ಅಂತ ಕೇಳಿ. ಸಾಮಾನ್ಯವಾಗಿ ಸಿಗೋ ಇಡಿಟಿಎ ಕಬ್ಬಿಣ ಸುಣ್ಣದ ಮಣ್ಣಲ್ಲಿ ನಿಲ್ಲೋದಿಲ್ಲ, ಅದನ್ನ ಎಲೆಗೆ ಸಿಂಪಡಿಸೋಕೆ ಮಾತ್ರ ಬಳಸಿ.

ಇನ್ನು ಹಂಗಾಮು. ನೀವು ತಂದದ್ದು ಡಿಸೆಂಬರ್ ಕೊನೆಗೆ, ಅಷ್ಟೊತ್ತಿಗೆ ಅರ್ಧ ಚಳಿಗಾಲ ಹೋಗಿತ್ತು. ನಮ್ಮ ಕಡೆ ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ಮೊದಲ ವಾರದೊಳಗೆ ನೆಡಬೇಕು. ವಿಂಟರ್ ಡಾನ್, ಸ್ವೀಟ್ ಚಾರ್ಲಿ, ಕಮರೋಸಾ ಮಹಾಬಳೇಶ್ವರ, ಪಂಚಗಣಿ ಕಡೆ ಬೆಳೆಯೋ ತಳಿಗಳು. ನಿಮಗೆ ಬೇಗ ಹಣ್ಣು ಬಿಡೋ ಮೊದಲ ಎರಡು ಒಳ್ಳೇದು. ಹೂ ಬಿಟ್ಟ ಒಂದು ತಿಂಗಳಿಗೆ ಹಣ್ಣು. ಬಳ್ಳಿ ಥರ ಹೊರಗೆ ಓಡೋ ರನ್ನರ್‌ಗಳನ್ನ ಕತ್ತರಿಸಿ, ಶಕ್ತಿ ಹಣ್ಣಿಗೆ ಹೋಗಲಿ. ಎಲ್ಲ ಸರಿ ಹೋದ್ರೆ ಗಿಡಕ್ಕೆ ಕಾಲು ಕಿಲೋ ಸಿಗಬಹುದು, ಅದಕ್ಕಿಂತ ದೊಡ್ಡ ಆಸೆ ಇಟ್ಕೋಬೇಡಿ.

ಹಸಿರು ನೆಟ್ ಬಗ್ಗೆ ಕೇಳಿದ್ರಿ. ಚಳಿಗಾಲದಲ್ಲಿ ಕಟ್ಟಿದ್ರೆ ನಷ್ಟವೇ, ಗಿಡಕ್ಕೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಫೆಬ್ರವರಿ ಕೊನೆಗೆ ಮಧ್ಯಾಹ್ನದ ಝಳ ಶುರುವಾದಾಗ ಪಶ್ಚಿಮದ ಕಡೆಗೆ ಹಳೇ ಸೀರೆ ಕಟ್ಟಿದ್ರೂ ಸಾಕು. ಆಗ ಎಲೆಯ ಹಿಂಬದಿ ನೋಡ್ತಾ ಇರಿ, ಧೂಳು ಅಂಟಿದ ಹಾಗೆ ಕಂಡು ಸಣ್ಣ ಬಲೆ ಇದ್ರೆ ಅದು ಮೈಟ್ ನುಸಿ. ಒಣ ಬಿಸಿಲಿಗೆ ಎರಡೇ ವಾರದಲ್ಲಿ ಗಿಡ ಮುಗಿಸುತ್ತದೆ. ಮೊದಲ ಹಂತದಲ್ಲೇ ಎಲೆ ಹಿಂಬದಿ ಜೋರಾಗಿ ನೀರು ಹೊಡೆದು ತೊಳೀರಿ.

ಬೇಸಿಗೆಯಲ್ಲಿ ಗಿಡ ಉಳಿಸೋದು? ಉಳಿಸಬಹುದು, ಪೂರ್ವ ದಿಕ್ಕಿನ ಗೋಡೆ ಪಕ್ಕ, ನೆರಳಲ್ಲಿ, ದಿನಕ್ಕೆರಡು ಸಲ ನೀರು ಕೊಟ್ಟು. ನಾನು ಎಷ್ಟೋ ಜನರ ಮನೆಯಲ್ಲಿ ನೋಡಿದ್ದೇನೆ, ಉಳಿಯೋದು ಕೆಲವೇ. ಉಳಿದವೂ ಮಳೆಗಾಲದಲ್ಲಿ ಗಂಟು ಕೊಳೆತು ಹೋಗ್ತಾವೆ. ಮೇ ತಿಂಗಳ 40 ಡಿಗ್ರಿಯಲ್ಲಿ ಆ ಗಿಡ ಪಡೋ ಪಾಡಿಗೆ, ನೀವು ಹಾಕೋ ನೀರಿಗೆ, ವರ್ಷ ವರ್ಷ ಹೊಸ ಸಸಿ ತರೋದೇ ಮೇಲು ಅಂತ ನನ್ನ ಅಭಿಪ್ರಾಯ. ಟೊಮೆಟೊ ಹೇಗೆ ಒಂದು ಹಂಗಾಮಿನ ಬೆಳೆಯೋ ಇದನ್ನೂ ಹಾಗೇ ನೋಡಿ. ಬೆಳಗಾವಿ, ಖಾನಾಪುರ ಕಡೆಯವರಿಗೆ ಈ ತಾಪತ್ರಯ ಕಡಿಮೆ, ಅಲ್ಲಿ ಕೆಂಪು ಮಣ್ಣು, ಮಳೆಯೂ ಜಾಸ್ತಿ, ಬೇಸಿಗೆಯೂ ಅಷ್ಟು ಉರಿಯೋದಿಲ್ಲ.

ವರ್ಷಪೂರ್ತಿ ಹಣ್ಣು ಬಿಡೋ ತಳಿ ಅಂತ ಮಾರ್ತಾರೆ. ಅಂಥ ತಳಿಗಳು ಇವೆ, ಸುಳ್ಳಲ್ಲ. ಆದರೆ ಅವು ಹಗಲಿನ ಉದ್ದ ನೋಡೋದಿಲ್ಲ ಅಂತಷ್ಟೇ ಅರ್ಥ, ಧಗೆ ತಡೀತಾವೆ ಅಂತಲ್ಲ. ವಿಜಯಪುರದಲ್ಲಿ ಜೂನ್‌ನಲ್ಲೂ ಹಗಲು 13 ಗಂಟೆ ಸುಮಾರು ಅಷ್ಟೇ, ಹೂವಿಗೆ ಅಡ್ಡಿ ಆಗೋದು ಹಗಲಿನ ಉದ್ದಕ್ಕಿಂತ ಬಿಸಿ. ಹಾಗಾಗಿ ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಮಣ್ಣಿಲ್ಲದೆ ಪೈಪಲ್ಲಿ ಬೆಳೆಯೋ ಪದ್ಧತಿ ಒಳ್ಳೇದೇ, ಆದರೆ ಅದಕ್ಕೂ ಉಪ್ಪು ಕಡಿಮೆ ಇರೋ ನೀರೇ ಬೇಕು, ಕರೆಂಟು ನಾಲ್ಕು ತಾಸು ಹೋದ್ರೆ ಬೇರು ಒಣಗೋ ಭಯ. ಹನ್ನೆರಡು ಗಿಡಕ್ಕೆ ಅಷ್ಟೆಲ್ಲ ಬೇಡ.

ಮಗಳ ನೀಲಿ ಸ್ಟ್ರಾಬೆರಿ: ಅಂಥದ್ದು ಇಲ್ಲ. ಫೋಟೋಗೆ ಬಣ್ಣ ಹಚ್ಚಿದ್ದು. ಬಿಳಿ ಸ್ಟ್ರಾಬೆರಿ ನಿಜವಾಗಿ ಇದೆ, ನೀಲಿ ಎಲ್ಲೂ ಇಲ್ಲ. ಬೀಜದಿಂದ ಬೆಳೆದ ಗಿಡ ತಾಯಿ ಹಾಗೆ ಬರೋದೂ ಇಲ್ಲ, ಅದಕ್ಕೇ ರೈತರು ರನ್ನರ್ ಸಸಿಯನ್ನೇ ನೆಡೋದು. ಸುಮ್ನೆ ದುಡ್ಡು ಹಾಳು. ಅವಳಿಗೆ ಬೇಜಾರಾಗಬಾರದು ಅಂದ್ರೆ ಅಂಗಡಿ ಹಣ್ಣಿನ ಮೈಮೇಲಿನ ಚುಕ್ಕಿಗಳನ್ನ (ಬೀಜ ಇರೋದು ಅದರಲ್ಲೇ) ಸೂಜಿಯಿಂದ ಬಿಡಿಸಿ ಒದ್ದೆ ಕೋಕೋಪೀಟ್ ಮೇಲೆ ಉದುರಿಸೋಕೆ ಹೇಳಿ. ಮೂರ್ನಾಲ್ಕು ವಾರಕ್ಕೆ ಮೊಳಕೆ ನೋಡಿ ಖುಷಿ ಪಡ್ತಾಳೆ.

ನೀರು ಅಳೆದಾಗ ಎಲ್ಲವೂ ಸಾವಿರದ ಮೇಲೆ ಬಂತು, ಮಳೆ ನೀರು ಹಿಡಿಯೋಕೂ ಅನುಕೂಲ ಇಲ್ಲ ಅಂದ್ರೆ ಸ್ಟ್ರಾಬೆರಿ ಬೇಡ ಅಂತಲೇ ಹೇಳ್ತೀನಿ. ಅದೇ ಮಾಳಿಗೆ ಮೇಲೆ ದೊಡ್ಡ ಡ್ರಮ್‌ನಲ್ಲಿ ಹಿಪ್ಪುನೇರಳೆ ಹಾಕಿ. ಬಿಸಿಲಿಗೆ ಜಗ್ಗೋದಿಲ್ಲ, ಕೊಂಬೆ ಸವರಿದಾಗೆಲ್ಲ ಮತ್ತೆ ಹಣ್ಣು ಬಿಡುತ್ತದೆ, ಮಕ್ಕಳು ಗಿಡದಿಂದಲೇ ಕಿತ್ತು ತಿಂತಾರೆ. ಮಣ್ಣು, ನೀರಿನ ಪೂರ್ತಿ ವರದಿ ಬೇಕಿದ್ರೆ ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಬಾಗಲಕೋಟೆಯವರು ಅಲ್ಲಿನ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಕೇಳಬಹುದು.

ಸಸಿ ತರಿಸೋಕೆ ಹೇಳೋ ಮೊದಲು ಬೋರ್, ನಳ, ಆರ್‌ಓ ಮೂರೂ ನೀರಿನ ಟಿಡಿಎಸ್ ಒಂದು ಚೀಟಿಯಲ್ಲಿ ಬರೆದು ನನಗೆ ಕಳಿಸಿ. ಯಾವುದರಲ್ಲಿ ಎಷ್ಟು ಬೆರೆಸಬೇಕು ಅಂತ ನಾನೇ ಲೆಕ್ಕ ಹಾಕಿ ತಿಳಿಸ್ತೀನಿ.